ಮುಂದಿನ ಸಾಲಿನ ಬಾಯಿ

ಈ ಕಥೆಯನ್ನು ಮೊದಲು ಹೇಳಿದವರು ಕುರೊಸಾಕಿ ತೊಮಿ. ಸಕಾತಾ ಬಂದರಿನ ಹಿಂದಿನ ಓಣಿಯಲ್ಲಿ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಅಂಗಡಿ ಅವರದು. ಹೇಳಿದ್ದು ನವೆಂಬರ್ ಕೊನೆಯ ಒಂದು ಮಧ್ಯಾಹ್ನ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ. ಚಳಿಗಾಲದ ಉಪ್ಪಿನಕಾಯಿಗೆಂದು ಮೂಲಂಗಿಗಳನ್ನು ಒಣಹಾಕಲು ಹಗ್ಗಕ್ಕೆ ಕಟ್ಟುವ ಕೆಲಸ ಮುಗಿದಿತ್ತು. ಹೊರಗೆ ಆಲಿಕಲ್ಲು ಬೀಳುತ್ತಿದ್ದುದರಿಂದ ಯಾರೂ ಎದ್ದು ಹೋಗಲಾಗದೆ ಚಹಾದ ಬಟ್ಟಲು ಹಿಡಿದು ಕೂತಿದ್ದರು. ಆಮೇಲೆ ಇದೇ ಕಥೆಯನ್ನು ಬೇರೆಯವರ ಬಾಯಿಂದಲೂ ಕೇಳಿದ್ದೇನೆ. ಒಬ್ಬರ ಹೇಳಿಕೆಯಲ್ಲಿ, ಕಥೆಯಲ್ಲಿ ಬರುವ ಅಜ್ಜಿ ಕೆನ್ನೆಗೆ ಹೊಡೆಯುತ್ತಾಳೆ. ಇನ್ನೊಬ್ಬರು ಅದಕ್ಕೊಂದು ಸುಖದ ಕೊನೆಯನ್ನು ಜೋಡಿಸಿದ್ದರು. ನಾನು ತೊಮಿ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ. ಇಲ್ಲಿರುವ ಹೆಸರುಗಳು ಅವರು ಇಟ್ಟವು, ನಿಜದವಲ್ಲ.

"ಯಾರು ಅಂತ ಕೇಳಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ ನೋಡಿ," ಎಂದಿದ್ದರು ತೊಮಿ.

"ಕೇಳಲ್ಲ ಕಣ್ರೀ, ಹೇಳಿ. ನಿಮ್ಮ ಅಂಗಡೀಲಿ ಕೂದಲಿಗಿಂತ ಗುಟ್ಟೇ ಜಾಸ್ತಿ ಉದುರತ್ತೆ," ಎಂದು ಯಾರೋ ನಗಿಸಿದರು. ತೊಮಿ ಮಾತ್ರ ನಗಲಿಲ್ಲ.

ಸುಮಿರೆ ಅಂದು ಬೆಳಿಗ್ಗೆ ಹಲ್ಲುಜ್ಜಿ ಮುಗಿದ ಮೇಲೂ ಕನ್ನಡಿಯ ಮುಂದೆಯೇ ನಿಂತಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ‘ಆ’ಕಾರಕ್ಕೆ ತುಟಿ ಎಷ್ಟು ಅಗಲವಾಗಬೇಕು, ‘ಓ’ಕಾರಕ್ಕೆ ಎಷ್ಟು ದುಂಡಗಾಗಬೇಕು ಎಂಬುದು ಅವಳ ಮುಖಕ್ಕೆ ಈಗ ಹೇಳಿಕೊಡದೆಯೂ ಗೊತ್ತಿತ್ತು. ಕನ್ನಡಿಯೊಳಗಿನ ಹೆಂಗಸು ಸಂತೋಷದಿಂದ ಹಾಡುತ್ತಿದ್ದಳು. ಐವತ್ತು ದಾಟಿದ, ಗಲ್ಲದ ಕೆಳಗೆ ಸ್ವಲ್ಪ ಸಡಿಲಾದ, ಆದರೆ ಕಣ್ಣು ಮಿನುಗುವ ಹೆಂಗಸು. ಕೂಗಿ ಕರೆದರೆ ಗಾಜಿನ ಆ ಬದಿಯಿಂದ ಓಗೊಡುವಳೇನೋ ಎನ್ನುವಷ್ಟು ಬೇರೆಯವಳು. ಸ್ನಾನದ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಇಂದು ಹಾಡಿಬಿಡಬೇಕು, ಎಂದುಕೊಂಡಳು ಸುಮಿರೆ. ಇಂದು ಸ್ಪರ್ಧೆಯಲ್ಲ, ತೀರ್ಪುಗಾರರಿಲ್ಲ. ಪೈನ್ ತೋಪಿನಾಚೆಯ ವೃದ್ಧಾಶ್ರಮ, ಕೇಳುವವರು ಮುದುಕರು, ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಇಂದು ಆಗದಿದ್ದರೆ ಇನ್ನು ಆಗುವುದಿಲ್ಲ. ಒಂದು ದನಿ ಎಷ್ಟು ಕಾಲ ಬಳಸದೆ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಉಗ್ರಾಣದಲ್ಲಿಟ್ಟು ಮರೆತ ಬೀಜದಂತೆ ಅದೂ ಒಂದು ದಿನ ಮೊಳೆಯುವುದನ್ನು ಮರೆಯುತ್ತದೇನೋ.

"ಇವತ್ತು ಹಾಡೋದಲ್ವಾ?" ಎಂದ ಗಂಡ ಕಜುನಾರಿ, ಮಿಸೊ ಸಾರಿನ ಬಟ್ಟಲಿನ ಆಚೆಯಿಂದ. "ಅಜ್ಜಿಯರನ್ನ ಅಳಿಸ್ಬೇಡ ಮತ್ತೆ."

"ಅಳಿಸಲ್ಲ."

"ನಮ್ಮ ಗೋದಾಮಿನಲ್ಲಿ ಎಲ್ರಿಗೂ ಕೇಳಿಸ್ದೆ ಗೊತ್ತಾ ಆ ಸಿ.ಡಿ.ನ. ನಿನ್ನ ದನಿ ಬಂದ ಕೂಡ್ಲೆ ಹೇಳ್ದೆ, ಇದೇ ನೋಡ್ರಯ್ಯಾ ನಮ್ಮನೆಯವಳು ಅಂತ."

ಹೆಂಗಸರ ಮೇಳಗಳ ಹಾಡಿನ ಸ್ಪರ್ಧೆಯಲ್ಲಿ ಧ್ವನಿಮುದ್ರಿಸಿದ ಆ ಸಿ.ಡಿ.ಯನ್ನು ಅವನು ಮೊದಲು ಕೇಳಿದ್ದು ಈ ಮೇಜಿನ ಬಳಿಯೇ. ಎರಡನೆಯ ಚರಣದಲ್ಲಿ ಒಂದು ದನಿ ಉಳಿದವುಗಳಿಂದ ತುಸು ಮೇಲೆದ್ದು, ಬೆಣ್ಣೆಯಂತೆ ಕರಗಿ, ಮತ್ತೆ ಒಳಗೆ ಸೇರಿಕೊಂಡಿತ್ತು. ಅದು ಮೇಳದಲ್ಲಿ ಅವಳ ಪಕ್ಕಕ್ಕೆ ನಿಲ್ಲುವ ಕಾಯೊಳ ದನಿ. ಕಜುನಾರಿ ಚಾಪ್‌ಸ್ಟಿಕ್ ಎತ್ತಿ ಹಿಡಿದು, ಇದು ನೀನಲ್ವಾ, ಎಂದಿದ್ದ. ಮದುವೆಯಾದಂದಿನಿಂದ ಅವಳಲ್ಲಿ ಅವನೇನನ್ನಾದರೂ ಹಾಗೆ ಗುರುತಿಸಿ ಹೇಳಿದ್ದು ಅದೇ ಮೊದಲು. ಹೂಂ, ಎಂದಿದ್ದಳು ಸುಮಿರೆ. ಒಂದು ಅಕ್ಷರದ ಕಳ್ಳತನ. ಅಂದಿನಿಂದ ಕಾಯೊ ಬಾಯಿ ತೆರೆದಾಗಲೆಲ್ಲ ತಾನು ಯಾರದೋ ಕೋಟಿನ ಜೇಬಿನಲ್ಲಿ ಕೈ ಹಾಕಿ ನಿಂತಂತೆ ಅವಳಿಗೆ ಅನ್ನಿಸುತ್ತಿತ್ತು.

ಆ ಸಿ.ಡಿ.ಯ ಹಾಡು ಮೊದಲು ಅವಳ ಕಿವಿಗೆ ಬಿದ್ದದ್ದು ಸೂಪರ್ ಮಾರ್ಕೆಟ್ಟಿನ ಮೀನಿನ ವಿಭಾಗದ ಹಿಂಬದಿಯಲ್ಲಿ, ಹಸಿ ಮೀನಿನ ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯುವ ಕೆಲಸದ ನಡುವೆ. ಮೇಲ್ಛಾವಣಿಯ ಸ್ಪೀಕರಿನಿಂದ ದಿನವಿಡೀ ಏನೇನೋ ಸುರಿಯುತ್ತಿತ್ತು. ಯಾವುದನ್ನೂ ಯಾರೂ ಕೇಳುತ್ತಿರಲಿಲ್ಲ. ಆ ದಿನ ಬೆರಳು ಮರಗಟ್ಟಿದ್ದವು, ರಬ್ಬರು ಬೂಟಿನೊಳಗೆ ನೀರು ಇಳಿದಿತ್ತು, ತಾಯಿಯ ವರ್ಷದ ತಿಥಿ ಮುಗಿಸಿ ಅಣ್ಣ ಅತ್ತಿಗೆ ಅವಳ ಮುಖ ನೋಡದೆ ಹೊರಟುಹೋಗಿದ್ದರು. ಅಷ್ಟರಲ್ಲಿ ಸ್ವಲ್ಪ ಒಡೆದ, ಸಿಗರೇಟು ಸೇದಿದಂಥ ಒಂದು ಹೆಣ್ಣು ದನಿ, ಯಾರಿಗೂ ಅಲ್ಲ ನಿನಗೇ ಎಂಬಂತೆ ಹೇಳಿತು:

ಅತ್ತದ್ದಾಯಿತಲ್ಲ, ತುಟಿಗೆ ಬಣ್ಣ ಹಚ್ಚು,
ಇನ್ನೊಮ್ಮೆ ಹೊರಡು.
ನಿನ್ನ ಹಾಡು ನೀನಲ್ಲದೆ ಯಾರು ಹಾಡುವರು?

ಇದು ನಮ್ಮಂಥ ನಡುವಯಸ್ಸಿನ ಹೆಂಗಸರಿಗೆಂದೇ ಅಳತೆ ತೆಗೆದು ಹೊಲಿದ ಮಾತು, ಇಂಥವು ವರ್ಷಕ್ಕೊಂದು ಬರುತ್ತವೆ, ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಟ್ಟೆ ಕೆಳಗಿಟ್ಟಳು. ಅಂದು ಸಂಜೆ ಕೆಲಸ ಮುಗಿದು ಕಾರಿನಲ್ಲಿ ಕೂತಾಗ ಮನೆಗೆ ಹೋಗುವ ಕಾರಣವಾಗಲಿ, ಹೋಗದಿರುವ ಕಾರಣವಾಗಲಿ ತೋಚದೆ, ಗಾಜು ಏರಿಸಿ ಹಾಡಿದ್ದಳು. ಜೋರಾಗಿ. ಎದೆಯೊಳಗಿನ ಹಳೆಯ ಸಾಮಾನನ್ನೆಲ್ಲ ಅಂಗಳಕ್ಕೆ ಎಳೆದು ಹಾಕುವಂತೆ. ಗಾಜಿನ ಮೇಲೆ ಉಸಿರು ಮಂಜಾಗಿ ಕೂತಿತ್ತು. ಆಮೇಲೆ ದಿನವೂ. ಹಾಡಿದ ನಂತರವೇ ಕೀಲಿ ತಿರುಗಿಸಲು ಕೈ ಬರುತ್ತಿತ್ತು. ಹಮಾನಾಸು ಹೆಂಗಸರ ಮೇಳದವರು ಈ ವರ್ಷ ಅದೇ ಹಾಡು ಹಾಡುತ್ತಾರಂತೆ ಎಂದು ತಿಳಿದು ಅವಳು ಹೋಗಿ ಸೇರಿದ್ದು ಹಾಗೆ. ಕಾರಿನ ಹೊರಗೂ ಅದನ್ನು ಹಾಡಬಹುದು ಎಂದು ನಂಬಿ.

ಮೇಳ ನಡೆಸುತ್ತಿದ್ದ ಅತ್ಸುಮಿ ಟೀಚರ್ ಒಳ್ಳೆಯವರು. ಅದೇ ತೊಂದರೆ, ಎಂದು ಸುಮಿರೆ ಎಷ್ಟೋ ಸಲ ಯೋಚಿಸಿದ್ದಳು. ಕೆಟ್ಟವರಾಗಿದ್ದರೆ ದ್ವೇಷಿಸಿ ಮುಗಿಸಬಹುದಿತ್ತು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಮಾತಿನ ಮೊದಲು ಯಾವಾಗಲೂ ಒಂದು ಮಿಠಾಯಿ ಕೊಡುವವರು. ಸ್ಪರ್ಧೆಗೆ ಮುಂಚಿನ ಅಭ್ಯಾಸವನ್ನು ಧ್ವನಿಮುದ್ರಿಸಿ ಕೇಳಿದ ದಿನ ಅವಳನ್ನು ಪಿಯಾನೊದ ಹಿಂದಕ್ಕೆ ಕರೆದು, ಅಂಗೈಗೆ ಹಾಲಿನ ಮಿಠಾಯಿ ಇಟ್ಟಿದ್ದರು.

"ಸುಮಿರೆ ಅವ್ರೇ, ನಿಮ್ಮ ಮುಖ ಎಷ್ಟು ಚೆನ್ನಾಗಿ ಹಾಡತ್ತೆ ಗೊತ್ತಾ? ನೋಡೋರಿಗೆ ಧೈರ್ಯ ಬರತ್ತೆ. ಈ ಹಾಡಿಗೆ ಅದು ಬೇಕು."

"ಅಯ್ಯೋ, ನಾನೇನು ಟೀಚರ್..."

"ಅದಕ್ಕೇ, ದನೀನ ಸ್ವಲ್ಪ ಒಳಗೇ ಇಟ್ಕೊಂಡ್ರೆ... ಮುಖ ಇನ್ನೂ ಬಿಚ್ಚತ್ತೆ ಅನ್ಸತ್ತೆ. ಏನಂತೀರಿ?"

ಅವಳು ಬಾಗಿ ನಮಿಸಿ, ತಿಳಿಯಿತು, ಬಹಳ ಉಪಕಾರವಾಯಿತು, ಎಂದಳು. ಬಾಯೊಳಗೆ ಮಿಠಾಯಿ ಇತ್ತು. ಆ ಸಿಹಿ ಮಾತ್ರ ಈಗಲೂ ಹಾಲಿನ ಡಬ್ಬಿ ತೆರೆದಾಗ ಗಂಟಲಿಗೆ ಬರುತ್ತದೆ. ಮುಂದಿನ ವಾರ ಅವಳನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದನಿ ಇಲ್ಲದ ಬಾಯಿ ದನಿಯ ಭಾರವಿಲ್ಲದೆ ಇನ್ನೂ ಚೆನ್ನಾಗಿ ತೆರೆಯತೊಡಗಿತು. ಹೊಸದಾಗಿ ಸೇರಿದವರಿಗೆ ಟೀಚರ್, ಸುಮಿರೆ ಅವರ ಬಾಯಿ ನೋಡಿ ಕಲಿಯಿರಿ, ಎನ್ನತೊಡಗಿದರು. ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಯಾಕೆಂದು ಕಜುನಾರಿಗೆ ಹೇಳಬೇಕಿತ್ತು. ಮತ್ತು ಆ ಹಾಡಿನ ಒಳಗೆ ನಿಲ್ಲಲು ಅವಳಿಗಿದ್ದದ್ದು ಅದೊಂದೇ ಜಾಗ, ಉಸಿರಾಡಲು ಬಿಡದ ಜಾಗವಾದರೂ. ಕಾರಿನಲ್ಲಿ ಹಾಡುತ್ತೇನಲ್ಲ, ಎಂದು ಸಮಾಧಾನ ಮಾಡಿಕೊಂಡಿದ್ದಳು. ಒಂದು ಸಂಜೆ ಮೀನಿನ ವಾಸನೆಯ ಕೈಯನ್ನು ಸ್ಟಿಯರಿಂಗ್ ಚಕ್ರದ ಮೇಲಿಟ್ಟು ಬಾಯಿ ತೆರೆದಾಗ, ಬಾಯಿ ತನ್ನ ಪಾಡಿಗೆ ಪೂರ್ತಿ ಹಾಡು ಮುಗಿಸಿತು. ಎದುರಿನ ಗಾಜು ಮಂಜಾಗದೆ ಸ್ವಚ್ಛವಾಗಿಯೇ ಇತ್ತು.

ಮಿನಿಬಸ್ಸಿನಲ್ಲಿ ಕಾಯೊ ಪಕ್ಕದಲ್ಲಿ ಕೂತು ಅಕ್ಕಿ ಬಿಸ್ಕತ್ತು ಮುರಿಯುತ್ತಿದ್ದಳು. "ತಗೊಳ್ಳೇ, ತಿನ್ನು. ಹಾಡೋ ಮುಂಚೆ ತಿನ್ಬಾರ್ದು ಅಂತಾರೆ ಟೀಚರ್. ಖಾಲಿ ಹೊಟ್ಟೇಲಿ ಧೈರ್ಯದ ಹಾಡು ಹೇಳಿದ್ರೆ ಸುಳ್ಳಾಗಲ್ವಾ?"

"ಕೇಳಿಸ್ತು ಕಾಯೊ ಅವ್ರೇ," ಎಂದರು ಮುಂದಿನಿಂದ ಟೀಚರ್.

"ನೋಡಿದ್ಯಾ ಕಿವಿ! ಸೊಳ್ಳೆ ಶ್ರುತಿ ತಪ್ಪಿದ್ರೂ ಹಿಡೀತಾರೆ."

ಬಸ್ಸಿಗೆ ಬಸ್ಸೇ ನಕ್ಕಿತು. ಸುಮಿರೆಯೂ ನಕ್ಕಳು, ನಗುವಿನಲ್ಲಿ ದನಿ ಇತ್ತು, ಅದನ್ನು ಗಮನಿಸಿದಳು. ನಗಲು ಬರುತ್ತದೆ. ಅಂಗಡಿಯಲ್ಲಿ ಬನ್ನಿ ಬನ್ನಿ ಎಂದು ಗಿರಾಕಿಯನ್ನು ಕೂಗಲು ಬರುತ್ತದೆ. ಹಾಗಿದ್ದರೆ ಹೋಗಿರುವುದು ಏನು? ಕಿಟಕಿಯಾಚೆ ಕಡಲ ಗಾಳಿಗೆ ಒಂದೇ ಕಡೆ ಬಾಗಿದ ಪೈನ್ ಮರಗಳು ಸಾಗುತ್ತಿದ್ದವು. ಅವು ಗಾಳಿ ಇಲ್ಲದ ದಿನವೂ ಹಾಗೇ ಬಾಗಿಕೊಂಡಿರುತ್ತವೆ.

ಆಶ್ರಮದ ಊಟದ ಕೋಣೆಯಲ್ಲಿ ಗಾಲಿಕುರ್ಚಿಗಳನ್ನು ಅರ್ಧ ಚಂದ್ರಾಕಾರವಾಗಿ ನಿಲ್ಲಿಸಿದ್ದರು. ಬೇಯಿಸಿದ ಗೆಣಸಿನದೂ ಔಷಧದ್ದೂ ಬೆರೆತ ವಾಸನೆ. ಮೊದಲ ಹಾಡಿನಲ್ಲಿ ಬೇಡ, ಎಂದುಕೊಂಡಳು, ಗಂಟಲು ಬೆಚ್ಚಗಾಗಲಿ. ಎರಡನೆಯದರಲ್ಲಿ ಎದುರಿನ ಒಬ್ಬ ಮುದುಕ ಅವಳನ್ನೇ ನೋಡುತ್ತಿದ್ದ. ಅದರ ಮುಂದಿನದು ಎತ್ತರದ ಸ್ವರದ ಹಾಡು. ಹೀಗೆ ಒಂದೊಂದನ್ನೇ ದಾಟಿಸುತ್ತ, ತಾನು ಕೊನೆಯದಕ್ಕೆಂದು ಕಾಯುತ್ತಿಲ್ಲ, ಕೊನೆಯದು ಮುಗಿದುಹೋಗಲೆಂದು ಕಾಯುತ್ತಿದ್ದೇನೆ, ಎಂದು ಅವಳಿಗೆ ಹೊಳೆಯಿತು. ಪಿಯಾನೊ ಆ ಹಾಡಿನ ಮೊದಲ ಸ್ವರಗಳನ್ನು ನುಡಿಸಿದಾಗ ಹೊಟ್ಟೆಯ ಆಳದಿಂದ ಉಸಿರು ಎಳೆದಳು. ಟೀಚರ್ ಅವಳತ್ತ ನೋಡಿ, ಎರಡು ಬೆರಳಿನಿಂದ ತಮ್ಮ ಕೆನ್ನೆಗಳನ್ನು ಮೇಲಕ್ಕೆತ್ತಿ ತೋರಿಸಿದರು: ನಗು. ಮುಖ ತಾನಾಗಿ ಬಿಚ್ಚಿಕೊಂಡಿತು. ಎಳೆದ ಉಸಿರು ಯಾವ ದಾರಿಯಿಂದ ಹೋಯಿತೋ ತಿಳಿಯಲಿಲ್ಲ.

ಕೊನೆಯ ಸಲ ಪಲ್ಲವಿ ಬರುವಾಗ ಹಾಡುತ್ತಲೇ ಸಾಲು ಬಿಟ್ಟು ಬಂದು ಮುದುಕರ ಕೈ ಹಿಡಿಯುವುದು ಇಂಥ ಭೇಟಿಗಳ ವಾಡಿಕೆ. ಕಾಯೊ ಮೊದಲು ಹಿಡಿದದ್ದು ಕಿಟಕಿಯ ಬಳಿ ಕೂತಿದ್ದ ಮಿನೆ ಅಜ್ಜಿಯ ಕೈಯನ್ನು. ಅಜ್ಜಿ ಕೈ ಬಿಡಿಸಿಕೊಂಡು ಸೀದಾ ಕಾಯೊಳ ಗಂಟಲ ಮೇಲೆ ಅಂಗೈ ಒತ್ತಿದಳು. ಕಾಯೊ ಬೆಚ್ಚಿದಳು, ಹಾಡು ನಿಲ್ಲಿಸಲಿಲ್ಲ.

"ತಪ್ಪು ತಿಳ್ಕೋಬೇಡಿ," ಎಂದಳು ಪಕ್ಕದಲ್ಲಿದ್ದ ಶುಶ್ರೂಷಕಿ. "ಅಜ್ಜಿಗೆ ಕಿವಿ ಪೂರ್ತಿ ಹೋಗಿದೆ. ಕೈಯಲ್ಲೇ ಕೇಳೋದು."

ಅಜ್ಜಿಯ ಹಲ್ಲಿಲ್ಲದ ಬಾಯಿ ನಗುವಾಯಿತು. "ಜೇನುಹುಳ ಇದ್ದಂಗೈತೆ ಇವಳ ಗಂಟಲು," ಎಂದಳು, ಕಿವುಡರ ಎತ್ತರದ ದನಿಯಲ್ಲಿ. ಮತ್ತೆ ಆ ಕೈ ಕಾಯೊಳನ್ನು ಬಿಟ್ಟು ಮುಂದಿನವಳಿಗಾಗಿ ಗಾಳಿಯಲ್ಲಿ ತಡಕಾಡಿತು. ಮುಂದಿದ್ದವಳು ಸುಮಿರೆ. ಹಿಂದೆ ಸರಿಯಬಹುದಿತ್ತು, ಹಿಂದೆ ಇನ್ನೊಂದು ಗಾಲಿಕುರ್ಚಿ ಇತ್ತು. ಒಣಗಿದ, ಬೆಚ್ಚನೆಯ, ಮರದ ತೊಗಟೆಯಂಥ ಅಂಗೈ ಅವಳ ಕತ್ತಿಗೆ ಒತ್ತಿ ಕೂತಿತು. ಇಷ್ಟು ದಿನ ನೂರಾರು ಜನರ ಕಣ್ಣನ್ನೂ ಕಿವಿಯನ್ನೂ ದಾಟಿ ಬಂದಿದ್ದ ಅವಳ ಬಾಯಿ ಆ ಅಂಗೈಯ ಮೇಲ್ಗಡೆ ಸುಂದರವಾಗಿ ತೆರೆದು ಮುಚ್ಚುತ್ತಿತ್ತು. ಈಗ, ಎಂದಿತು ಮನಸ್ಸು. ಈಗಲ್ಲದಿದ್ದರೆ ಎಂದು? ಈ ಒಬ್ಬಳಿಗೆ ಶ್ರುತಿ ಕೇಳಿಸುವುದಿಲ್ಲ. ದನಿ ಇದೆಯೋ ಇಲ್ಲವೋ ಎಂಬುದಷ್ಟೇ ಅವಳಿಗೆ ಬೇಕಾದದ್ದು. ಜಗತ್ತಿನಲ್ಲಿ ತನಗೆಂದೇ ಮಾಡಿದ ಕೇಳುವವಳೊಬ್ಬಳು. ಸುಮಿರೆ ನಿಜವಾಗಿ ಪ್ರಯತ್ನಿಸಿದಳು. ಟೀಚರನ್ನು ಮರೆತಳು, ಮುಖವನ್ನು ಮರೆತಳು. ಬಾವಿಗೆ ಬಿಟ್ಟ ಕೊಡ ನೀರಿಗೆ ತಾಗದೆ ಹಗ್ಗದ ತುದಿಯಲ್ಲಿ ತೂಗಾಡುವಂತೆ ಉಸಿರು ಒಳಗೆಲ್ಲೋ ತೂಗಾಡಿತು. ಕೆಳಗೆ ಕತ್ತಲೆಯೂ ತಂಪೂ ಇತ್ತು. ನೀರು ಇರಲಿಲ್ಲ.

"ಇಲ್ಲೇನೂ ಇಲ್ವಲ್ಲೇ," ಎಂದಳು ಮಿನೆ ಅಜ್ಜಿ. ಕೈಯನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ ಒತ್ತಿ ನೋಡಿದಳು, ಕತ್ತಲಲ್ಲಿ ಬಾಗಿಲ ಚಿಲಕ ಹುಡುಕುವವಳಂತೆ. "ಈ ಹುಡುಗಿ ಗಂಟಲಲ್ಲಿ ಏನೂ ಇಲ್ಲ!"

ಹಾಡಿನ ಗದ್ದಲದಲ್ಲಿ ಅದು ಕೇಳಿಸಿದ್ದು ಕಾಯೊಗೆ ಮತ್ತು ಶುಶ್ರೂಷಕಿಗೆ. "ಸರಿಯಾಗಿ ಮುಟ್ಟಿ ಅಜ್ಜಿ," ಎಂದು ಶುಶ್ರೂಷಕಿ ನಕ್ಕಳು. ಅಜ್ಜಿ ಅವಳತ್ತ ನೋಡಲೂ ಇಲ್ಲ. ಸುಮಿರೆಯ ಕೈಯನ್ನೆತ್ತಿ ತನ್ನ ಗಂಟಲ ಮೇಲೆ ಇಟ್ಟುಕೊಂಡಳು. "ಇರು. ಹಿಂಗೆ," ಎಂದಳು, ಹಾಲು ಕುಡಿಯಲು ಕಲಿಯದ ಕರುವಿಗೆ ಹೇಳುವಂತೆ. ಮತ್ತೆ ಬಾಯಿ ತೆರೆದಳು. ಹೊರಬಂದದ್ದು ಯಾವ ಹಾಡೂ ಅಲ್ಲ. ಮೇಲೆ ಹೋಯಿತು, ಒಡೆಯಿತು, ಎಲ್ಲೋ ಬಿದ್ದು ಮತ್ತೆ ಎದ್ದಿತು. ಪಿಯಾನೊ ಒಂದು ದಾರಿ ಹಿಡಿದಿದ್ದರೆ ಅದು ಇನ್ನೊಂದು. ಸುಮಿರೆಯ ಅಂಗೈಯೊಳಗೆ ಸಡಿಲ ಚರ್ಮದ ಕೆಳಗೆ ಏನೋ ಜೀವಂತವಾಗಿ ನಡುಗುತ್ತಿತ್ತು. ಆ ನಡುಕ ಮೊಣಕೈವರೆಗೆ ಬಂದು ಅಲ್ಲೇ ನಿಂತಿತು.

ಮೇಳ ತಾನಾಗಿ ಮೌನವಾಯಿತು. ಅಜ್ಜಿಯ ಕೂಗೊಂದೇ ಕೋಣೆಯಲ್ಲಿ ಸುತ್ತಿ, ಮುಗಿಯಿತು. ಆಮೇಲೆ ಚಪ್ಪಾಳೆ. "ಇಲ್ಲಿಗೆ ಬಂದ್ಮೇಲೆ ಇವ್ರು ಹಾಡಿದ್ದೇ ಇಲ್ಲ!" ಎಂದು ಶುಶ್ರೂಷಕಿ ಅತ್ತಳು. ಅತ್ಸುಮಿ ಟೀಚರ್ ಕರವಸ್ತ್ರದಿಂದ ಕಣ್ಣೊತ್ತಿಕೊಂಡು, "ಎಂಥಾ ಜೀವಂತ ದನಿ! ಇದು ಕಣ್ರಮ್ಮಾ ಹಾಡು ಅಂದ್ರೆ," ಎಂದರು. ಸೊಳ್ಳೆಯ ಶ್ರುತಿ ಹಿಡಿಯುವ ಅದೇ ಕಿವಿ. ಸುಮಿರೆ ನಗುತ್ತ ನಿಂತಿದ್ದಳು. ಅಪಶ್ರುತಿಗೆ ಮಾಫಿ ಸಿಗುವುದು ಯಾವ ವಯಸ್ಸಿನಿಂದ? ಮಗುವಿನ ಅಪಶ್ರುತಿ ಮುದ್ದು, ಮುದುಕಿಯದು ಜೀವಂತ. ನಡುವಿನ ಅಷ್ಟು ಉದ್ದದ ದಾರಿಯಲ್ಲಿ ಮಾತ್ರ ಅದು ಅಪಶ್ರುತಿ. ಆ ಉದ್ದದ ಕೊನೆ ಮುಟ್ಟುವವರೆಗೆ ತಾನು ಬಾಯಿ ತೆರೆದು ಮುಚ್ಚುತ್ತಿರಬೇಕು. ಆಗ ಯಾರಾದರೂ ಗಂಟಲ ಮೇಲೆ ಕೈ ಇಟ್ಟು, ಹಾಡಿ ಅಜ್ಜಿ, ಎನ್ನುತ್ತಾರೆ. ಹಾಡಲು ಏನು ಉಳಿದಿರುತ್ತದೆ?

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಅವಳತ್ತಲೇ ತಿರುಗಿ ಕೂತಿದ್ದರು.

"ಏನ್ ಮಾಡಿದ್ರಿ ಸುಮಿರೆ ಅವ್ರೇ? ಕಿವುಡಿ ಕೈಲಿ ಹಾಡ್ಸಿಬಿಟ್ರಲ್ಲ!"

"ನಿಮ್ಮ ಹಾಡು ಅವರನ್ನ ಮುಟ್ತು," ಎಂದರು ಟೀಚರ್. "ನಾನು ಕಣ್ಣಾರೆ ಕಂಡೆ. ಬರೋ ತಿಂಗಳೂ ನೀವೇ ಅವರ ಹತ್ರ ಹೋಗ್ಬೇಕು."

ಸುಮಿರೆ ಮೊಣಕಾಲ ಮೇಲಿನ ತನ್ನ ಕೈ ನೋಡಿದಳು. ಅದು ಇನ್ನೂ ಯಾರದೋ ಕತ್ತಿನ ಆಕಾರದಲ್ಲಿ ಮಡಿಸಿಕೊಂಡಿತ್ತು. "ನಾನು ಹಾಡಲಿಲ್ಲ," ಎಂದಳು.

ಅವಳು ಇನ್ನೊಮ್ಮೆ, ಸ್ಪಷ್ಟವಾಗಿ, ಗಿರಾಕಿಗೆ ಮೀನಿನ ಹೆಸರು ಹೇಳುವಂತೆ ಹೇಳಿದಳು: "ನಾನು ಹಾಡಲೇ ಇಲ್ಲ. ಯಾವತ್ತೂ ಹಾಡಿಲ್ಲ."

"ಆಹಾ!" ಎಂದರು ಟೀಚರ್, ಎದೆಗೆ ಕೈಯಿಟ್ಟು. "ಹಾಡಿದ್ದು ನಾನಲ್ಲ ಅನ್ನೋ ಮನಸ್ಸು ಇದೆಯಲ್ಲ, ಅದು ಬರೋಕೆ ನನಗೆ ಜೀವಮಾನ ಹಿಡೀತು."

ಎಲ್ಲರೂ ತಲೆದೂಗಿದರು. ಹೊಗಳಿದಾಗ ಇಲ್ಲವೆನ್ನುವುದು ಇಲ್ಲಿ ಚಿಕ್ಕಂದಿನಿಂದ ಬಂದ ನಡೆ; ಎರಡು ಸಲ ಇಲ್ಲವೆಂದವಳು ಇನ್ನೂ ದೊಡ್ಡವಳು. ನಿಜವನ್ನು ಅವಳು ಕೈಯಲ್ಲಿ ಹಿಡಿದು ತೋರಿಸಿದ್ದಳು, ಅವರು ಅದಕ್ಕೆ ಬಾಗಿ ನಮಿಸಿದ್ದರು. ಸುಮಿರೆ ಕಾಯೊಳತ್ತ ತಿರುಗಿದಳು. ಇಷ್ಟು ಕಾಲ ಪಕ್ಕದಲ್ಲೇ, ತೋಳಿಗೆ ತೋಳು ತಾಗಿಸಿ ನಿಂತವಳು. ಕೇಳದಿರಲು ಸಾಧ್ಯವೇ ಇಲ್ಲ. ಈ ಬಾಯಿಂದ ದನಿ ಬಾರದ್ದನ್ನು ಗಮನಿಸದಿರಲು. ಕಾಯೊ ಎಲ್ಲರಿಗಿಂತ ಜೋರಾಗಿ ನಕ್ಕಳು. "ನೋಡ್ರಪ್ಪಾ, ವಿನಯ ಅಂದ್ರೆ ಇದು! ನನ್ನನ್ನ ಯಾರಾದ್ರೂ ಹೊಗಳಿದ್ರೆ, ಇನ್ನೊಂದು ಸಲ ಹೇಳಿ ಅಂತಿದ್ದೆ." ಎನ್ನುತ್ತಲೇ, ಚೀಲದ ಮರೆಯಲ್ಲಿ, ಸುಮಿರೆಯ ಮೊಣಕಾಲನ್ನು ನೋವಾಗುವಷ್ಟು ಗಟ್ಟಿಯಾಗಿ ಅದುಮಿದಳು. ಹೇಳಬೇಡ, ಎಂಬ ಅದುಮು. ದಯೆಯೂ ಹೌದು. ಬಾಗಿಲು ಹಾಕಿದ್ದೂ ಹೌದು.

ತೊಮಿ ಬರಿದಾದ ಬಟ್ಟಲನ್ನು ಮುಂದೆ ಚಾಚಿದರು. ಯಾರೋ ಬಟ್ಟಲಿಗೆ ಬಿಸಿನೀರು ಹಾಕಿಕೊಟ್ಟರು. ಅವಳ ಮನಸ್ಸಿನೊಳಗಿನದೆಲ್ಲ ನಿಮಗೆ ಹೇಗೆ ತಿಳಿಯಿತು ಎಂದು ನಾನು ಕೇಳಿದೆ. ಅವರು ಹೇಳಿದ್ದು ಇದು.

"ಅಂಗಡಿಗೆ ಬಂದಿದ್ರು. ತಲೆ ತೊಳೀವಾಗ ಮುಖದ ಮೇಲೆ ತೆಳ್ಳಗಿನ ಬಟ್ಟೆ ಹಾಕ್ತೀವಲ್ಲ, ನೀರು ಸಿಡೀಬಾರ್ದು ಅಂತ. ಮುಖ ಮುಚ್ಚಿದ್ರೆ ಜನ ಮಾತಾಡ್ತಾರೆ. ಎಲ್ಲಾ ಹೇಳಿದ್ರು. ನಾನಂದೆ, ಬೇರೆ ಗಿರಾಕಿ ಇಲ್ಲ, ನೀರು ಜೋರಾಗಿ ಬಿಟ್ಟಿರ್ತೀನಿ, ನನಗೂ ಕೇಳಿಸಲ್ಲ, ಒಂದ್ಸಲ ಹಾಡಿಬಿಡಿ ಅಂತ."

"ಹಾಡಿದ್ರಾ?"

"ಬಟ್ಟೆ ಅಲ್ಲಾಡೋಕೆ ಶುರುವಾಯ್ತು. ಒದ್ದೆ ಬಟ್ಟೆ, ತುಟಿಗೆ ಅಂಟ್ಕೊಂಡಿತ್ತು. ಯಾವ ಸಾಲು ಅಂತ ನೋಡಿದ್ರೇ ಗೊತ್ತಾಗ್ತಿತ್ತು ಕಣ್ರೀ. ಅತ್ತದ್ದಾಯಿತಲ್ಲ. ತುಟಿಗೆ ಬಣ್ಣ ಹಚ್ಚು. ಮೆಲ್ಲಗೆ ಹಾಡ್ತಿರಬಹುದು ಅಂತ ನೀರು ನಿಲ್ಲಿಸಿದೆ."

ತೊಮಿ ಬಟ್ಟಲನ್ನು ಕೆಳಗಿಟ್ಟರು.

"ಏನೂ ಇರಲಿಲ್ಲ. ಬಟ್ಟೆ ಮಾತ್ರ ಕೊನೇ ಸಾಲಿನವರೆಗೂ ಅಲ್ಲಾಡ್ತು. ನೀರು ನಿಂತಿದ್ದು ಅವರಿಗೆ ಗೊತ್ತೇ ಆಗ್ಲಿಲ್ಲ. ಮುಗಿಸಿ, ಬಟ್ಟೆ ಒಳಗಿಂದಲೇ ಕೇಳಿದ್ರು, 'ಹೇಗಿತ್ತು?' ಅಂತ."

"ನೀವೇನಂದ್ರಿ?"

"ಮತ್ತೆ ನೀರು ಬಿಟ್ಟೆ."

ಮೂಲೆಯಲ್ಲಿದ್ದ ಒಬ್ಬರು, ಈಗಲೂ ಮೇಳಕ್ಕೆ ಹೋಗುತ್ತಾರೆಯೇ, ಎಂದು ಕೇಳಿದರು. ಹೋಗ್ತಾರೆ, ಎಂದರು ತೊಮಿ. ಹೊರಗೆ ಆಲಿಕಲ್ಲು ನಿಂತು, ಕಡಲ ಕಡೆಯಿಂದ ಗಾಳಿ ಎದ್ದಿತ್ತು. ಹೆಂಗಸರು ಬಟ್ಟಲುಗಳನ್ನು ತೊಳೆದು ಕವುಚಿ ಹಾಕಿದರು. ಅವರಲ್ಲಿ ಹೆಚ್ಚಿನವರು ಊರಿನ ಒಂದಲ್ಲ ಒಂದು ಮೇಳದಲ್ಲಿ ಹಾಡುವವರು. ಕೆಲಸ ಮಾಡುತ್ತ ಗುನುಗುವುದು ಅವರ ಅಭ್ಯಾಸ. ಅಂದು ಯಾರೂ ಗುನುಗಲಿಲ್ಲ, ಯಾರೂ ಇನ್ನೊಬ್ಬರ ಬಾಯಿಯತ್ತ ನೋಡಲೂ ಇಲ್ಲ. ಒಬ್ಬೊಬ್ಬರಾಗಿ ಬೂಟು ಹಾಕಿಕೊಂಡು, ಉಣ್ಣೆಯ ಶಾಲನ್ನು ಮೂಗಿನವರೆಗೆ ಎಳೆದುಕೊಂಡು, ತಂತಮ್ಮ ಮನೆಯ ದಾರಿ ಹಿಡಿದರು.